ನಮ್ಮ ನಾಲಗೆಯಲ್ಲಿ ನಗಿಸಿದಾತ

ಎರಡು ಮಾತು ಹೇಳಿ ಎಂದು ಕರೆದಿದ್ದರು. ಕೊಳ್ಳೇಗಾಲದ ನುಡಿನಮನ ಸಭೆಗೆ ಹೋದೆ, ಎರಡನೇ ಸಾಲಿನಲ್ಲಿ ಕೂತೆ, ನನ್ನ ಹೆಸರು ಕರೆದಾಗ ಬೇಡವೆಂದು ಕೈ ಆಡಿಸಿದೆ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಮಾತಿಗಿಂತ ಹೆಚ್ಚಾಗುತ್ತದೆ.

ಸಭೆಗೆ ಕರೆಯಲು ಫೋನು ಮಾಡಿದವರು ಮೊದಲು ಕೇಳಿದ್ದು ನನ್ನ ಮಾತನ್ನಲ್ಲ, ನನ್ನ ಶಾಲೆಯ ಹೆಣ್ಣುಮಕ್ಕಳ ಕಂಸಾಳೆಯನ್ನು. "ಮೇಡಂ, ಒಂದು ಹತ್ತು ನಿಮಿಷ ಮಕ್ಕಳು ಕುಣಿದುಬಿಟ್ಟರೆ ಅವರ ಆತ್ಮಕ್ಕೆ ಅದಕ್ಕಿಂತ ಶಾಂತಿ ಬೇರೆ ಏನು?" ಎಂದರು. ನಾನು ಹನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಓಟ, ಕಬಡ್ಡಿಯ ಜೊತೆಗೆ ಕಂಸಾಳೆಯನ್ನೂ ಕಲಿಸುತ್ತೇನೆ.

"ಮಕ್ಕಳನ್ನು ಕಳಿಸಲ್ಲ" ಎಂದೆ.

"ಸತ್ತವರ ಮೇಲೆ ಎಂಥ ಹಗೆ ಮೇಡಂ?"

"ಬದುಕಿದ್ದಾಗಿಂದಲೂ ಇರೋದೇ. ಸತ್ತರು ಅಂತ ಹೊಸದಾಗಿ ಹುಟ್ಟಿದ್ದಲ್ಲ" ಎಂದೆ. ಹಾಗಾದರೆ ನೀವಾದರೂ ಬಂದು ಎರಡು ಮಾತಾಡಿ ಎಂದರು. ಸರಿ ಎಂದೆ. ಅವರಿಗೆ ನಾನು ಏನು ಆಡುತ್ತೇನೆಂದು ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ಸತ್ತ ಆ ಮನುಷ್ಯನ ಹೆಸರು ಬರೆಯುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಕಟ್ಟಿದ ಬ್ಯಾನರಿನಲ್ಲಿ ದೊಡ್ಡಕ್ಷರದಲ್ಲಿ ಇತ್ತು, ಸಾಕು. ಅವರು ಎಂದು ಬರೆಯಲು ಕೈ ಬಾರದು. ಅವನು ಎನ್ನೋಣವೆಂದರೆ ನನ್ನ ಅಪ್ಪನ ವಯಸ್ಸಿನವನು. ಆತ ಎನ್ನುತ್ತೇನೆ.

ಕೊಳ್ಳೇಗಾಲದ ಖಾಸಗಿ ಶಾಲೆಯೊಂದರಲ್ಲಿ ಆತ ಕನ್ನಡ ಮೇಷ್ಟ್ರು. ಆದರೆ ಜನಕ್ಕೆ ಗೊತ್ತಿದ್ದುದು ನಿರೂಪಕನಾಗಿ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರೂ ಕಡೆ ಒಂದು ಜನಪದ ಕಾರ್ಯಕ್ರಮ ನಡೆಯಬೇಕಾದರೆ ಮೊದಲು ಶಾಮಿಯಾನದವನಿಗೆ ಹೇಳುತ್ತಿದ್ದರು, ಆಮೇಲೆ ಈತನಿಗೆ. ಕುಣಿಯುವವರಿಗೆ ಕೊನೆಗೆ ಹೇಳಿದರೂ ನಡೆಯುತ್ತಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಎಡ ಹೆಗಲಿನ ಮೇಲೆ ಮಡಿಸಿದ ಶಾಲು, ಬಾಯಲ್ಲಿ ಏಲಕ್ಕಿ. ಮೈಕನ್ನು "ಹಲೋ ಹಲೋ" ಎಂದು ಪರೀಕ್ಷಿಸುತ್ತಿರಲಿಲ್ಲ, ಬೆರಳಿನ ಉಂಗುರದಿಂದ ಟಕ್ ಎಂದು ಒಂದು ಸಲ ತಟ್ಟುತ್ತಿದ್ದ. ಆ ಸದ್ದಿಗೇ ಮಂದಿ ಗಲಾಟೆ ನಿಲ್ಲಿಸುತ್ತಿದ್ದರು. ನಗಲು ಬಾಯಿ ಸಿದ್ಧಮಾಡಿಕೊಳ್ಳುತ್ತಿದ್ದರು ಎನ್ನಬೇಕು.

ಆತನಿಗೆ ಎರಡು ಕಂಠ ಇದ್ದವು. ಮೊದಲನೆಯದು ಸ್ವಾಗತದ್ದು. ಪ್ರತಿ ಹಕಾರಕ್ಕೂ ಎದೆಯಿಂದ ಗಾಳಿ ತುಂಬಿ, ಮಹಾಪ್ರಾಣಗಳನ್ನು ಒಂದೊಂದಾಗಿ ತೂಗಿ ಇಡುತ್ತಿದ್ದ ಕಂಠ. ಎರಡನೆಯದು ನಮ್ಮದು. ಕುಣಿತಕ್ಕೂ ಕುಣಿತಕ್ಕೂ ನಡುವೆ ಆತ ನಮ್ಮ ಹಾಗೆ ಮಾತಾಡಿ ತೋರಿಸುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಹಳ್ಳಿಯವನು, ಬ್ಯಾಂಕಿನಲ್ಲಿ ಹಳ್ಳಿಯವಳು, ಹೋಟೆಲಿನಲ್ಲಿ 'ಬಿಸಿ ಆಲು' ಕೇಳಿ ಆಲೂಗಡ್ಡೆ ಪಡೆದವನು. ನಮ್ಮ ಬಾಯಿಗೆ ಹ ಬರುವುದಿಲ್ಲ ಎನ್ನುವುದು ಆತನ ಬಂಡವಾಳ. ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಮಂದಿ ಯಾರು? ಸತ್ತೇಗಾಲದವರು, ಶಾಗ್ಯದವರು, ಲೊಕ್ಕನಹಳ್ಳಿಯವರು. ಮನೆಗೆ ಹೋಗಿ 'ಆಲು ಕಾಯ್ಸವ್ವ' ಎನ್ನುವವರೇ. ತಮ್ಮನ್ನು ಬಿಟ್ಟು ಪಕ್ಕದವನನ್ನು ಆಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಎಲ್ಲರೂ ನಗುತ್ತಿದ್ದರು. ಆತನ ಬೆನ್ನ ಹಿಂದೆ ವೇಷ ಕಟ್ಟಿಕೊಂಡು, ಬಣ್ಣ ಬೆವರಿನಲ್ಲಿ ಇಳಿಯುತ್ತಿದ್ದ ಗೊರವರೋ ಕೋಲಾಟದವರೋ ತಮ್ಮ ಸರದಿಗೆ ನಿಂತಿರುತ್ತಿದ್ದರು. ಅವರೂ ನಗುತ್ತಿದ್ದರು.

"ನಗ್ಸೋದು ಪುಣ್ಯದ ಕೆಲಸ" ಎನ್ನುವುದು ಆತ ಎಲ್ಲ ಕಡೆ ಹೇಳುತ್ತಿದ್ದ ಮಾತು.

ಆತನ ಕಿವಿಯ ಬಗ್ಗೆ ಸುಳ್ಳು ಹೇಳಲಾರೆ. ಅಂಥ ಕಿವಿ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಒಂದು ಸಲ ಕೊಳ್ಳೇಗಾಲದಿಂದ ಹನೂರಿಗೆ ಟೆಂಪೊದಲ್ಲಿ ಹೋಗುವಾಗ ನಮ್ಮ ಹಿಂದಿನ ಸೀಟಿನಲ್ಲಿ ಒಬ್ಬಾಕೆ ಯಾರೊಡನೆಯೋ ಫೋನಿನಲ್ಲಿ ಜಗಳವಾಡುತ್ತಿದ್ದಳು. ಆತ ತಿರುಗಿ ನೋಡದೆಯೇ ನನಗೆ ಹೇಳಿದ: "ಹುಟ್ಟಿದ್ದು ಯಳಂದೂರಿನ ಆಚೆ. ಕೊಟ್ಟಿರೋದು ಗಡಿ ಕಡೆಗೆ. ಅತ್ತೆ ತಮಿಳು ಮಾತಾಡ್ತಾಳೆ." ಇಳಿಯುವಾಗ ನಾನೇ ಆಕೆಯನ್ನು ಕೇಳಿದೆ. ಹೌದಂತೆ, ಎಲ್ಲವೂ ಹೌದು. ಮಾತಿನ ಇಷ್ಟು ಸೂಕ್ಷ್ಮ ಗೊತ್ತಿದ್ದವನು ಅದನ್ನು ಏನಕ್ಕೆ ಬೇಕಾದರೂ ಬಳಸಬಹುದಿತ್ತು. ಆತ ಅಣಕಕ್ಕೆ ಬಳಸಿದ. ಆಕೆಯನ್ನೂ ಬಿಡಲಿಲ್ಲ, ಮುಂದಿನ ಕಾರ್ಯಕ್ರಮದಲ್ಲಿ ಆಕೆಯ ಜಗಳ ವೇದಿಕೆಯ ಮೇಲಿತ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಆತನಿಗಲ್ಲ, ನನಗೇ ಮೋಸ. ಹನೂರಿನಲ್ಲಿ ಒಮ್ಮೆ ಕುಣಿಯುವಾಗ ನನ್ನ ಕಂಸಾಳೆಯ ದಾರ ಹರಿಯಿತು. ಬೀಸು ಕಂಸಾಳೆಯಲ್ಲಿ ಎಡಗೈಯಲ್ಲಿ ಕಂಚಿನ ಬಟ್ಟಲು ಹಿಡಿದು, ಬಲಗೈಯ ದಾರದ ತುದಿಯ ತಾಳವನ್ನು ಮೈ ಸುತ್ತ ಬೀಸಿ ತಂದು ಆ ಬಟ್ಟಲಿಗೆ ಬಡಿಯಬೇಕು. ಬೀಸಿದ ಕಂಚು ವಾಪಸು ಬಂದು ನನ್ನ ಹುಬ್ಬಿಗೆ ಬಡಿಯಿತು. ಮೈಕು ಎಸೆದು ಓಡಿಬಂದವನು ಆತನೇ. ಆ ಬಿಳಿ ಶಾಲನ್ನೇ ಮಡಿಸಿ ಗಾಯಕ್ಕೆ ಒತ್ತಿ ಹಿಡಿದು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಹೊಲಿಗೆ ಹಾಕುವಾಗ ಬಾಗಿಲಲ್ಲೇ ನಿಂತಿದ್ದ. ಶಾಲು ಹಾಳಾಯಿತು, ಒಂದು ಮಾತೂ ಆಡಲಿಲ್ಲ. ಆ ಋಣ ನನ್ನ ಮೇಲಿದೆ. ಅದಕ್ಕೆ ನನ್ನದಲ್ಲದ ಇನ್ನೊಂದು ಲೆಕ್ಕವನ್ನು ವಜಾ ಹಾಕಿಕೊಳ್ಳಲು ನನಗೆ ಅಧಿಕಾರವಿಲ್ಲ.

ಆ ಇನ್ನೊಂದು ಮಾದೇವಿಯದು.

ಲೊಕ್ಕನಹಳ್ಳಿಯ ನಮ್ಮ ಸೋದರಮಾವ, ಮಾದಪ್ಪ ದೇವರ ಒಕ್ಕಲು, ಕಂಸಾಳೆ ಹಿಡಿದೇ ಬೆಳೆದವನು. ಗಂಡುಮಕ್ಕಳು ಕಲಿಯಲು ಬರುವುದು ನಿಂತಾಗ, ಸಿಟ್ಟಿಗೋ ಹಟಕ್ಕೋ, ನಮ್ಮನ್ನು, ಹೆಣ್ಣುಮಕ್ಕಳನ್ನು, ಸೇರಿಸಿಕೊಂಡು ಒಂದು ತಂಡ ಕಟ್ಟಿದ. ಊರಲ್ಲಿ ಮಾತು ಎದ್ದಿತು. "ಎಣ್ಣೈಕ್ಳು ಅಂಗಾತ ಮನೀಕಂಡು ಕಂಸಾಳೆ ಬೀಸದ ನೋಡ್ಬೇಕಾ ನಾವು?" ಎಂದರು. ಮಾವ ಎಲೆಅಡಿಕೆ ಉಗುಳಿ, "ನೋಡ್ಬ್ಯಾಡಿ, ಕಣ್ಮುಚ್ಕಳಿ" ಎಂದ. ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಸಿಟ್ಟು ಮಾಡುವ ಮನುಷ್ಯ ಅವನು. ಊರವರ ಮೇಲೆ ಸಿಂಹ, ಜುಬ್ಬದವರ ಮುಂದೆ ಬೆಕ್ಕು.

ಶಾಗ್ಯದಿಂದ ಬರುತ್ತಿದ್ದ ಮಾದೇವಿ ನಮ್ಮೆಲ್ಲರಿಗಿಂತ ಚಿಕ್ಕವಳು. ಹತ್ತೊಂಬತ್ತೋ ಇಪ್ಪತ್ತೋ. ಕುಣಿತದಲ್ಲಿ ನನಗೆ ಸಮ, ಪದದಲ್ಲಿ ಅವಳಿಗೆ ಯಾರೂ ಸಮವಿರಲಿಲ್ಲ. ಬಾಯಿ ತೆರೆದರೆ ಮೇಲಿನ ಷಡ್ಜಕ್ಕೆ ಏಣಿ ಹಾಕದೆ ಹತ್ತುತ್ತಿದ್ದಳು. ಮಹಾ ವಾಚಾಳಿ ಬೇರೆ. ಟೆಂಪೊ ಹತ್ತಿದರೆ ಡ್ರೈವರನ ಮದುವೆ, ಕಂಡಕ್ಟರನ ಸಾಲ, ಪಕ್ಕದ ಅಜ್ಜಿಯ ಮಂಡಿನೋವು ಎಲ್ಲ ಇಳಿಯುವುದರೊಳಗೆ ಅವಳಿಗೆ ತಿಳಿದಿರುತ್ತಿತ್ತು. "ಸುಮ್ನೆ ಕುಂತ್ಕಳೆ" ಎಂದರೆ, "ಸುಮ್ನೆ ಕುಂತ್ರೆ ಒಟ್ಟೆನೋವು ಬತ್ತದೆ ಕಣಕ್ಕಾ" ಎನ್ನುತ್ತಿದ್ದಳು.

ಕೊಳ್ಳೇಗಾಲದಲ್ಲಿ ಆವತ್ತು ಒಂದು ಉತ್ಸವ. ಸಂಜೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಬರುವುದು ತಡವಾಯಿತು. ನಾವು ವೇದಿಕೆ ಹತ್ತಿ ಸಾಲಾಗಿ ನಿಂತಿದ್ದೆವು. ಅತಿಥಿ ಬರುವವರೆಗೆ ಕುಣಿತ ಶುರುಮಾಡಬೇಡಿ ಎಂದು ಕೆಳಗಿನಿಂದ ಸನ್ನೆ ಬಂತು. ಮಂದಿಯನ್ನು ಹಿಡಿದಿಡುವ ಕೆಲಸ ಆತನ ಪಾಲಿಗೆ ಬಿತ್ತು. ಇದ್ದ ಜೋಕುಗಳೆಲ್ಲ ಮುಗಿದ ಮೇಲೆ ಆತ ನಮ್ಮ ಸಾಲಿನತ್ತ ತಿರುಗಿದ. ಮುಂದಿದ್ದ ಮಾದೇವಿಯ ಕೈ ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದ.

"ಹೆಸರೇನಮ್ಮಾ?"

"ಮಾದೇವಿ ಸಾ."

"ಮಾದೇವಿಯಲ್ಲ, ಮ-ಹಾ-ದೇವಿ. ಇರಲಿ. ನಾನು ಒಂದು ವಾಕ್ಯ ಹೇಳ್ತೀನಿ, ನೀನು ಹಾಗೇ ಹೇಳಬೇಕು. ಹತ್ತು ಹಳೇ ಹಂಡೆ ಹೊತ್ತು ಹೋದಳು ಹಳ್ಳಿ ಹುಡುಗಿ."

ಮಾದೇವಿಗೆ ಖುಷಿ. ಇಷ್ಟು ಜನರ ಮುಂದೆ ದೊಡ್ಡವರು ತನ್ನನ್ನೇ ಕರೆದಿದ್ದಾರೆ. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವಳಂತೆ ಹೇಳಿದಳು: "ಅತ್ತು ಅಳೇ ಅಂಡೆ ಒತ್ತು ಓದ್ಳು ಅಳ್ಳಿ ಉಡ್ಗಿ."

ಮೈದಾನ ಒಡೆದುಹೋಯಿತು. ಅವಳೂ ನಕ್ಕಳು. ಯಾಕೆ ನಗುತ್ತಿದ್ದಾರೆಂದು ಅವಳಿಗೆ ಗೊತ್ತಾಗಿರಲಿಲ್ಲ. ಆತ ಇನ್ನೊಮ್ಮೆ ಹೇಳಿಸಿದ. ಮತ್ತೊಮ್ಮೆ. ಆಮೇಲೆ ತಾನೇ ಅವಳ ಕಂಠದಲ್ಲಿ, ಅವಳ ಹಾಗೇ ಕತ್ತು ಕೊಂಕಿಸಿ ಹೇಳಿ ತೋರಿಸಿದ. ಅವಳ ಮುಖದ ನಗು ಆಗ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ನಮ್ಮ ಮಾವನತ್ತ ನೋಡಿದೆ. ಮಾವ ನಗುತ್ತಿದ್ದ.

ಅತಿಥಿ ಬಂದರು. "ಹ್ಞಾ, ಈಗ ಹಾಡವ್ವಾ ತಾಯೀ" ಎಂದು ಆತ ಮೈಕು ಬಿಟ್ಟುಕೊಟ್ಟ. ನಾವು ತಾಳ ಎತ್ತಿದೆವು. ಪದ ಎತ್ತಬೇಕಾದವಳು ಮಾದೇವಿ. ಮಾವನೇ ಕಟ್ಟಿದ್ದ ಪದ: 'ಎತ್ತ ನೋಡಿದರೂ ಅಲ್ಲಿ ನೀನೇ, ನನ್ನೊಡೆಯಾ.' ಸಾವಿರ ಸಲ ಹಾಡಿದ್ದ ಪದ. ಅವಳು ಕಣ್ಣು ಮುಚ್ಚಿ, ಎಲ್ಲೂ ತಪ್ಪಬಾರದೆಂದು, ತನಗೆ ಬರುವುದಿಲ್ಲ ಎಂದ ಆ ಹಕಾರವನ್ನು ಹುಡುಕಿ ಹುಡುಕಿ ಹಾಕಿ ಹಾಡಿದಳು.

"ಹೆತ್ತ ನೋಡಿದರೂ ಹಲ್ಲಿ ನೀನೇ..."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ವೇದಿಕೆಯ ಬದಿಯಿಂದ ಇನ್ನೊಂದು ಮೈಕಿನಲ್ಲಿ ಆತನ ದನಿ ಬಂತು. "ಹಲ್ಲಿ ಲೊಚಗುಟ್ಟಿತು! ಶುಭಶಕುನ!"

ಅತಿಥಿಯೂ ನಕ್ಕರು. ಮಾದೇವಿ ಪದ ನಿಲ್ಲಿಸಿದಳು. ಕುಣಿತ ನಿಲ್ಲಿಸಲಿಲ್ಲ. ಪದವಿಲ್ಲದೆ, ಬರೀ ತಾಳದ ಮೇಲೆ, ತುಟಿ ಕಚ್ಚಿಕೊಂಡು ಕೊನೆಯವರೆಗೂ ಕುಣಿದಳು. ಅಷ್ಟು ಬಿರುಸಾಗಿ ಅವಳು ಬೀಸಿದ್ದನ್ನು ನಾನು ನೋಡಿರಲಿಲ್ಲ. ಆ ಕಂಚು ಯಾರ ತಲೆಗಾದರೂ ಬಡಿಯಲಿ ಎನ್ನುವ ಹಾಗಿತ್ತು. ವಾಪಸು ಬರುವಾಗ ಟೆಂಪೊದಲ್ಲಿ ಕಿಟಕಿಯ ಪಕ್ಕ ಕೂತಳು. ಡ್ರೈವರು ತಾನಾಗಿ ಮಾತಾಡಿಸಿದರೂ ಉತ್ತರ ಕೊಡಲಿಲ್ಲ.

ಯಾರೋ ವಿಡಿಯೊ ಮಾಡಿದ್ದರು. ಆಗಷ್ಟೇ ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲ. ಅದು ಊರೂರು ಸುತ್ತಿತು. ಶಾಗ್ಯದ ಬಸ್‌ಸ್ಟಾಪಿನಲ್ಲಿ ಅವಳು ನಿಂತರೆ ಹುಡುಗರು ಲೊಚ್ ಲೊಚ್ ಎಂದು ಸದ್ದು ಮಾಡುತ್ತಿದ್ದರು. ಅಂಗಡಿಯಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ನಲ್ಲಿಯ ಬಳಿ ಅವಳಿಗೆ ಹಲ್ಲಿ ಎಂದೇ ಹೆಸರಾಯಿತು. ಅವಳು ಮೊದಲು ತಂಡಕ್ಕೆ ಬರುವುದು ಬಿಟ್ಟಳು. ಆಮೇಲೆ ಹೊರಗೆ ಹೋಗುವುದು ಬಿಟ್ಟಳು. ಆಮೇಲೆ ಮಾತು ಬಿಟ್ಟಳು.

ಅವಳ ಅಪ್ಪ ಒಂದು ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತ. ಸಾಧು ಮನುಷ್ಯ. ಟವೆಲನ್ನು ಕೈಯಲ್ಲಿ ಹಿಂಡುತ್ತಾ, "ಅವ್ವಾ, ನೀನು ಓದ್ದವ್ಳು. ಆ ಸಾರ್ ತಾವ ಒಂದ್ಸಲ ಕರ್ಕಂಡೋಗು. ನಾ ಜಗಳ ಆಡದಿಲ್ಲ. ಕೇಳ್ಕತೀನಿ, ಅಷ್ಟೇಯ" ಎಂದ. ಇಬ್ಬರೂ ಆತನ ಶಾಲೆಗೆ ಹೋದೆವು. ಸಂಜೆ ಬೆಲ್ಲು ಹೊಡೆದ ಮೇಲೆ ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ಕೂರಿಸಿ ಟೀ ತರಿಸಿದ.

"ಸಾ, ನನ್ ಮಗ್ಳು ಬಾಯೇ ಬುಡ್ತಾ ಇಲ್ಲ ಸಾ" ಎಂದ ಅಪ್ಪ. ಟೀ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದ, ಕುಡಿಯಲಿಲ್ಲ. "ಉಣ್ಣಕ್ ಕರುದ್ರೂ ಊಂ ಅನ್ನದಿಲ್ಲ. ಮೊದ್ಲು ಅಟ್ಟಿ ತುಂಬ ಅವ್ಳದೇ ಮಾತು ಸಾ. ಈಗ ಗಡಿಯಾರದ ಸದ್ದು ಕೇಳ್ತದೆ. ನೀವೊಂದ್ ಮಾತು, ಆ ವಿಡಿಯೊ ಅಳುಸ್ಬುಡಿ ಅಂದ್ರೆ, ಐಕ್ಳು ಕೇಳ್ತರೆ ಸಾ."

ಆತನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಲೋಟ ಸಮೇತ ಅಪ್ಪನ ಕೈಗಳನ್ನು ಹಿಡಿದುಕೊಂಡು, "ತಪ್ಪಾಯಿತು ಯಜಮಾನ್ರೇ, ಅವಳು ನನ್ನ ಮಗಳ ಹಾಗೆ. ಪ್ರೀತಿಯಿಂದ ಆಡಿದ್ದು. ಇನ್ನು ಆ ವಿಷಯ ಎತ್ತಲ್ಲ" ಎಂದ. ಗೇಟಿನವರೆಗೂ ಬಂದು ಬೀಳ್ಕೊಟ್ಟ. ದಾರಿಯಲ್ಲಿ ಅಪ್ಪನ ನಡಿಗೆಯೇ ಹಗುರವಾಗಿತ್ತು. "ದೊಡ್ಡ ಮನ್ಸ ಕಣವ್ವಾ. ನಾವೇ ತಪ್ಪು ತಿಳ್ಕಂಡ್ಬುಟ್ಟಿದ್ವಿ" ಎಂದ. ನನಗೂ ಹಾಗೆ ಅನ್ನಿಸಿತು.

ಮುಂದಿನ ಕಾರ್ಯಕ್ರಮ ಯಳಂದೂರಿನಲ್ಲಿ ಇತ್ತು. ಮಾದೇವಿ ಇಲ್ಲದೆ ನಮ್ಮ ತಂಡ ಹೋಯಿತು. ನಾವು ಕುಣಿದು ಇಳಿದು ಜನರ ನಡುವೆ ಕೂತ ಮೇಲೆ ನೋಡಿದರೆ, ಎರಡು ಸಾಲು ಮುಂದೆ ಅವಳ ಅಪ್ಪ. ಕಾಲ ಬಳಿ ಒಂದು ಚೀಲ. ಹೊಲದ ಅವರೆಕಾಯಿ. ಮೇಷ್ಟ್ರಿಗೆ ಕೊಡಲೆಂದು ಶಾಗ್ಯದಿಂದ ಎರಡು ಬಸ್ಸು ಬದಲಾಯಿಸಿ ಹೊತ್ತು ತಂದಿದ್ದ. ನನ್ನನ್ನು ಕಂಡು ಚೀಲ ತೋರಿಸಿ ನಕ್ಕ.

ಉಂಗುರದ ಟಕ್ ಕೇಳಿತು. ಆತ ಮೈಕಿನ ಮುಂದೆ ಬಂದು, ಶಾಲನ್ನು ತೆಗೆದು ಟವೆಲಿನಂತೆ ಕೈಯಲ್ಲಿ ಹಿಂಡತೊಡಗಿದ. ಇಲ್ಲದ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. ಬೆನ್ನು ಬಾಗಿಸಿದ.

"ಸಾ... ನನ್ ಮಗ್ಳು ಬಾಯೇ ಬುಡ್ತಾ ಇಲ್ಲ ಸಾ. ಅಲ್ಲಿ ಆಗ್ಬುಟ್ಟವ್ಳೆ ಸಾ. ಗ್ವಾಡೆ ಅತ್ತವ್ಳೆ, ಇಳೀತಾ ಇಲ್ಲ ಸಾ!"

ಆ ಕಂಠದಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ಅಳು ಎಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲೇ ಸಿಕ್ಕಿಕೊಂಡಿತು. ಹೊಂಗೆಮರದ ಕೆಳಗೆ ಕಣ್ಣೀರು ಹಾಕುತ್ತಲೇ ಆತ ಕೇಳಿಸಿಕೊಂಡಿದ್ದು ಇದನ್ನು. ಮಂದಿ ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. ಅವಳ ಅಪ್ಪನೂ ಮೊದಲು ಎಲ್ಲರ ಜೊತೆ ನಕ್ಕ. ಆಮೇಲೆ ಎದ್ದು ನಿಂತ. ಸುತ್ತ ನೋಡಿದ. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತುಕೊಂಡ.

ನಾನು ಎದ್ದೆ. "ಮನುಷ್ಯಾನಾ ನೀನು? ಆ ಅಪ್ಪ ಇಲ್ಲೇ ಕುಂತವ್ನೆ, ಅವನ ಮುಖ ನೋಡ್ಕಂಡು ಏಳು ನೋಡನ!" ಎಂದು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದ್ದೆ, ಹಕಾರ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಂದಿ ತಿರುಗಿ ನೋಡಿದರು. ಆತ ಅರೆಗಳಿಗೆಯೂ ತಡವರಿಸಲಿಲ್ಲ. "ನೋಡಿ, ನೋಡಿ, ನಮ್ಮ ಅಭಿಮಾನಿಗಳು! 'ಏಳು' ಅಂತಿದ್ದಾರೆ, ನಾನು ನಿಂತೇ ಇದ್ದೀನಲ್ಲಾ ತಾಯೀ!" ಎಂದ. ಇನ್ನೊಂದು ದೊಡ್ಡ ನಗು ಎದ್ದಿತು. ಕಾರ್ಯಕ್ರಮ ಮುಂದುವರಿಯಿತು.

ಹೊರಗೆ ಬಂದಾಗ ಅವಳ ಅಪ್ಪ ಆತನ ಕಾರಿನ ಪಕ್ಕ ಚೀಲ ಇಡುತ್ತಿದ್ದ. ನಾನು ಕಿತ್ತುಕೊಳ್ಳಲು ಹೋದೆ. "ಬ್ಯಾಡ ಬುಡವ್ವಾ. ಕೊಡಕ್ಕೆ ಅಂತ ತಂದದ್ದ ಅಟ್ಟಿಗೆ ವಾಪಸ್ ಓಯ್ದಾರಾ?" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಆಮೇಲೆ ನಮ್ಮ ತಂಡಕ್ಕೆ ಕರೆ ಬರುವುದು ನಿಂತಿತು. ಆಯ್ಕೆ ಸಮಿತಿ ಯಾವುದೇ ಇರಲಿ, ಅದರಲ್ಲಿ ಆತನಿದ್ದ. ನನ್ನ ಬಗ್ಗೆ ಗಂಡುಬೀರಿ ಎಂದನಂತೆ. ಮಾವ ನನ್ನ ಮೇಲೇ ಹರಿಹಾಯ್ದ. "ಅಂಥವ್ರನ್ನ ಎದ್ರಾಕ್ಕಂಡು ನಾವು ಬದ್ಕಕ್ಕಾದದಾ? ಒಂದು ತಮಾಸಿಗೆ ಇಷ್ಟೊಂದಾ?" ಎಂದ. ಅವನೊಡನೆ ನಾನು ಆಮೇಲೆ ಸರಿಯಾಗಿ ಮಾತಾಡಿಲ್ಲ. ಒಂದು ವರ್ಷದೊಳಗೆ ತಂಡ ಚೆದುರಿತು. ಒಬ್ಬೊಬ್ಬಳು ಒಂದೊಂದು ಊರಿಗೆ ಮದುವೆಯಾಗಿ ಹೋದಳು.

ಮಾದೇವಿಯನ್ನು ಗಡಿಯಂಚಿನ ಒಂದು ಹಳ್ಳಿಗೆ ಕೊಟ್ಟರು. ಅರ್ಧ ಮನೆ ತಮಿಳು, ಅರ್ಧ ಮನೆ ಕನ್ನಡ ಮಾತಾಡುವ ಊರು. ಹೋದ ವರ್ಷ ಅಲ್ಲಿಗೆ ಹೋಗಿದ್ದೆ. ಮೈ ತುಂಬಿಕೊಂಡಿದ್ದಾಳೆ, ಇಬ್ಬರು ಮಕ್ಕಳು, ಗಂಡ ಒಳ್ಳೆಯವನು. ಬಾಗಿಲಲ್ಲಿ ನಿಂತು ಓರಗಿತ್ತಿಯೊಡನೆ, ಮೀನಿನವನೊಡನೆ ಗಳಗಳ ಮಾತಾಡುತ್ತಿದ್ದಳು. ಎಲ್ಲ ತಮಿಳಿನಲ್ಲಿ. ನನ್ನೊಬ್ಬಳೊಡನೆ ಮೆಲ್ಲಗೆ ಕನ್ನಡ ಆಡಿದಳು. ಇಲ್ಲಿ ಕನ್ನಡದವರೂ ಇದ್ದಾರಲ್ಲೇ ಎಂದೆ.

"ಅವ್ರೆ ಬುಡಕ್ಕಾ" ಎಂದಳು. "ತಮಿಳಲ್ಲಿ ನಂಗೆ ತಪ್ಪಾದ್ರೆ ಯಾರೂ ನಗದಿಲ್ಲ. ಪಾಪ, ಬೇರೆಯವ್ರ ಮಾತು, ಕಲೀತಾವ್ಳೆ ಅಂತರೆ. ನನ್ ಮಾತಲ್ಲಿ ತಪ್ಪಾದ್ರೆ ತಾನೇ ನಗದು?"

ಕಂಸಾಳೆ ಎಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ನುಡಿನಮನದ ದಿನ ಇಷ್ಟನ್ನೂ ಹೇಳಲು ಹೋಗಿದ್ದೆ. ಮದುವೆ ಮಂಟಪದ ಸಭಾಂಗಣ. ಮಧ್ಯಾಹ್ನ. ಆತನ ಫೋಟೊಕ್ಕೆ ಸುಗಂಧರಾಜದ ಹಾರ. ಒಬ್ಬೊಬ್ಬರೇ ಬಂದು ಕಲೆಯ ಸೇವಕ, ನಾಡಿನ ನಗು, ಜನಪದದ ದನಿ ಎಂದರು. ಒಬ್ಬ ಆತನ ಜೋಕು ನೆನಪಿಸಿಕೊಂಡ, ಸಾವಿನ ಸಭೆ ಎನ್ನುವುದನ್ನೂ ಮರೆತು ಜನ ನಕ್ಕರು. ನನ್ನದು ಐದನೆಯ ಹೆಸರೋ ಆರನೆಯದೋ.

ಅಷ್ಟರಲ್ಲಿ ನನ್ನ ಮುಂದಿನ ಕುರ್ಚಿಯಲ್ಲಿದ್ದ ಮುದುಕಿ ಸೆರಗನ್ನು ಬಾಯಿಂದ ತೆಗೆದು ಜೋರಾಗಿ ಅತ್ತಳು. "ಓದ್ಯಲ್ಲೋ ನನ್ನಪ್ಪಾ! ಎತ್ತವ್ಳ ಬುಟ್ಬುಟ್ಟು ಓದ್ಯಲ್ಲೋ! ಏಳ್ದೆ ಕೇಳ್ದೆ ಓದ್ಯಲ್ಲೋ!"

ಆತನ ತಾಯಿ. ಆತ ಮೈಸೂರು ನಗರದವನೆಂದೇ ನಾವೆಲ್ಲ ತಿಳಿದಿದ್ದೆವು. ಹಾಗೆಂದೇ ಹೇಳಿಕೊಳ್ಳುತ್ತಿದ್ದ. ಮುದುಕಿಯ ಮಾತು ಸತ್ತೇಗಾಲದ ಹೊಳೆದಂಡೆಯದು. ಒಂದಾದರೂ ಹಕಾರ ಇರಲಿಲ್ಲ ಅದರಲ್ಲಿ. ಇಡೀ ಸಭೆ ತಲೆ ತಗ್ಗಿಸಿ ಕೂತಿತ್ತು. ಆಗಷ್ಟೇ ನಕ್ಕ ಬಾಯಿಗಳು. ಒಬ್ಬರೂ ನಗಲಿಲ್ಲ.

ಆಗಲೇ ನನ್ನ ಹೆಸರು ಕರೆದರು. ನಾನು ಕೈ ಆಡಿಸಿದೆ. ಕರುಣೆಯಿಂದಲ್ಲ. ಆತನ ಮೇಲೆ ನನಗೆ ಒಂದು ಗುಂಜಿಯಷ್ಟೂ ಕರುಣೆ ಹುಟ್ಟಲಿಲ್ಲ. ಇದೇ ಮಾತಿನಲ್ಲಿ ಹಾಲು ಕುಡಿದು ಬೆಳೆದವನು ಎಂದು ತಿಳಿದ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಿತು. ಆದರೆ ಎತ್ತವರ ಎದುರು ಮಕ್ಕಳನ್ನು ಆಡಿಕೊಳ್ಳುವುದು ಆತನ ಕೆಲಸ, ನನ್ನದಲ್ಲ ಎನಿಸಿತು.

ಸಭೆ ಮುಗಿದು ಜನ ಊಟಕ್ಕೆ ಎದ್ದರು. ಮುದುಕಿ ಅಲ್ಲೇ ಕೂತಿದ್ದಳು. ನೀರು ಬೇಕೇನವ್ವಾ ಎಂದು ಕೇಳಿದೆ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನನ್ ಮಗನ್ ತಾವ ಕಲ್ತವ್ಳಾ ಮೊಗಾ ನೀನು?"

"ಇಲ್ಲ ಕಣವ್ವ."

"ಎಷ್ಟೊಂದು ಜನ ಬಂದವ್ರೆ ನೋಡು. ಇಷ್ಟು ಜನ ಅವ್ನ ಮಾತು ಕೇಳೋರಂತೆ. ನಾ ಒಂದ್ಸಲಾನೂ ಕೇಳ್ನಿಲ್ಲ. ಒಂದು ದಿನಾನೂ ಕರ್ಕಂಡ್ ಬರ್ನಿಲ್ಲ ಅವ್ನು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಟ್ಟಿಗೆ ಯಾರಾರ ದೊಡ್ಡೋರು ಬಂದ್ರೆ, ಅವ್ವಾ, ಒಳಗೋಗು, ನಿಂಗೆ ಮಾತಾಡಕ್ ಬರಲ್ಲ, ಬಾಯ್ಬುಡ್ಬ್ಯಾಡ ಅನ್ನನು. ನಾ ಒಳಗೇ ಕುಂತಿರ್ತಿದ್ದಿ. ನಂಗೆ ಕೆಮ್ಮು ಬಂದ್ರೂ ತಡ್ಕತಿದ್ದಿ ಕಣವ್ವಾ."

ಗಂಟಲಿನವರೆಗೆ ಬಂದ ಬೈಗುಳವನ್ನು ನುಂಗಿಕೊಂಡೆ.

"ನಿಂಗೆ ಒತ್ತಾಯ್ತದೇನೋ" ಎಂದಳು.

"ಇಲ್ಲ ಏಳವ್ವ" ಎಂದೆ.

ಅವಳು ಏಳತೊಡಗಿದಳು. ಸತ್ತೇಗಾಲದಲ್ಲಿ ತಾನು ಹುಟ್ಟಿದ ಮನೆ, ಹೊಳೆ ಉಕ್ಕಿದ ವರ್ಷ, ಮುಳುಗಿದ ಗದ್ದೆ, ಮಗ ಚಿಕ್ಕವನಿದ್ದಾಗ ತೆಂಗಿನಮರದಿಂದ ಬಿದ್ದದ್ದು, ತೀರಿಹೋದ ಗಂಡ, ಸೊಸೆಯ ಅಡಿಗೆಯಲ್ಲಿ ಉಪ್ಪು ಕಡಿಮೆ ಇರುವುದು. ಒಂದರ ಬಾಲ ಹಿಡಿದು ಇನ್ನೊಂದು. ಊಟಕ್ಕೆ ಕರೆಯಲು ಬಂದವರನ್ನು ಕೈ ಬೀಸಿ ಕಳಿಸಿಬಿಟ್ಟಳು. ಮಂಟಪದವರು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ನಮ್ಮ ಸುತ್ತಲೂ ಗುಡಿಸಿದರು. ಹನೂರಿನ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಮುದುಕಿಯ ಕಣ್ಣೀರು ಒಣಗಿತ್ತು, ಮಾತು ನಿಂತಿರಲಿಲ್ಲ. ನಾನು ಊಂಗುಟ್ಟುತ್ತಾ ಕೂತಿದ್ದೆ.